ಫೆಲನಿ ಇದ್ದವನಿಗೆ ನರ್ಸ್ ಲೈಸೆನ್ಸ್: ಟೆಕ್ಸಾಸ್‌ನಲ್ಲಿ ನಾನು ಹಾದುಬಂದ ದಾರಿ

ಟೆಕ್ಸಾಸ್ ಬೋರ್ಡ್ ಆಫ್ ನರ್ಸಿಂಗ್‌ನಿಂದ ನನ್ನ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಬಂದಿದೆ. ಷರತ್ತುಗಳ ಸಮೇತ ಬಂದಿದೆ. ನನ್ನ ಹೆಸರಿನ ಮೇಲೆ ಒಂದು ಫೆಲನಿ, ಅಂದರೆ ಗಂಭೀರ ಅಪರಾಧದ ಕೇಸು, ಇದೆ. ಕುಡಿದು ಕಾರು ಓಡಿಸಿ ಒಬ್ಬ ಹೆಂಗಸಿಗೆ ತೀವ್ರವಾಗಿ ಗಾಯ ಮಾಡಿದ ಕೇಸು. ಇಲ್ಲಿ ಅದನ್ನು ಇಂಟಾಕ್ಸಿಕೇಷನ್ ಅಸಾಲ್ಟ್ ಅಂತಾರೆ. 2ರಿಂದ 10 ವರ್ಷ ಜೈಲು, 10,000 ಡಾಲರ್ ತನಕ ದಂಡ ಹಾಕಬಹುದಾದ ಅಪರಾಧ.

ಇಂಥವನು ನರ್ಸ್ ಆಗಬಹುದಾ? ಆಗಬೇಕಾ? ವರ್ಷಗಟ್ಟಲೆ ಈ ಎರಡು ಪ್ರಶ್ನೆಗಳನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ. ನಮ್ಮವರಲ್ಲಿ ಇಂಥ ಕೇಸಾದರೆ ಊರಿಗೆ ಹೇಳುವುದಿಲ್ಲ. ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಹೋಗುವುದನ್ನೂ ನಿಲ್ಲಿಸಿಬಿಡುತ್ತೇವೆ. ಹಾಗಾಗಿ ಯಾರನ್ನು ಕೇಳಬೇಕು ಅಂತಲೇ ತೋಚುವುದಿಲ್ಲ. ಇದೇ ದಾರಿಯಲ್ಲಿ ಇನ್ಯಾರಾದರೂ ಇದ್ದರೆ ಅವರಿಗೆ ಸ್ವಲ್ಪ ಅಲೆದಾಟ ತಪ್ಪಲಿ ಅಂತ ಬರೆಯುತ್ತಿದ್ದೇನೆ.

ಕೇಸಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ನಾನು ದಾವಣಗೆರೆಯವನು. ಡಲ್ಲಾಸ್ ಹತ್ತಿರ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಪಾರ್ಟಿ ಮುಗಿಸಿ ಬರುವಾಗ ಕೆಂಪು ಸಿಗ್ನಲ್ ದಾಟಿ ಇನ್ನೊಂದು ಕಾರಿಗೆ ಗುದ್ದಿದೆ. ಅದರಲ್ಲಿದ್ದ ಹೆಂಗಸಿನ ಸೊಂಟದ ಮೂಳೆ ಮುರಿಯಿತು. ಅದೇ ರಾತ್ರಿ ಅರೆಸ್ಟ್. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡೆ. 5 ವರ್ಷದ ಪ್ರೊಬೇಷನ್ (ಜೈಲಿನ ಬದಲು ಹೊರಗೆ ನಿಗಾದಲ್ಲಿರುವುದು), ಅದರ ಷರತ್ತಾಗಿ 30 ದಿನ ಕೌಂಟಿ ಜೈಲು ಆಯಿತು. ಈ ಅಪರಾಧಕ್ಕೆ ಪ್ರೊಬೇಷನ್ ಕೊಟ್ಟರೂ ಕನಿಷ್ಠ 30 ದಿನ ಒಳಗಿರಲೇಬೇಕು ಅಂತ ಇಲ್ಲಿನ ಕಾನೂನು ಹೇಳುತ್ತದೆ. ಕಾರಿಗೆ ಉಸಿರು ಪರೀಕ್ಷೆಯ ಯಂತ್ರ ಹಾಕಿಸಬೇಕಾಯಿತು, ಅದಕ್ಕೆ ಊದದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕೆಲಸ ಹೋಯಿತು. ಅವತ್ತಿನಿಂದ ಕುಡಿದಿಲ್ಲ.

ನಾನು ಆಗಲೇ ಇಲ್ಲಿನ ಪೌರತ್ವ ತೆಗೆದುಕೊಂಡಿದ್ದೆ, ಹಾಗಾಗಿ ಗಡೀಪಾರಿನ ಭಯ ಇರಲಿಲ್ಲ. ಎಚ್1ಬಿ ಅಥವಾ ಗ್ರೀನ್ ಕಾರ್ಡ್ ಮೇಲಿರುವವರ ಕಥೆ ಬೇರೆ. ಅಂಥವರು ಯಾವುದೇ ಕೇಸಿನಲ್ಲಿ ತಪ್ಪೊಪ್ಪಿಗೆಗೆ ಸಹಿ ಹಾಕುವ ಮೊದಲು ಇಮಿಗ್ರೇಷನ್ ವಕೀಲರನ್ನು ಕಾಣಲೇಬೇಕು. ಕ್ರಿಮಿನಲ್ ವಕೀಲರು ಈ ಪರಿಣಾಮವನ್ನು ತಿಳಿಸಬೇಕು ಅಂತ 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ನೀವಾಗಿಯೇ ಬಾಯಿಬಿಟ್ಟು ಕೇಳಿ.

ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ ಮಾಡುತ್ತಿದ್ದಾಗ, ಕುಡಿತ ಬಿಟ್ಟವರ ಸಭೆಯಲ್ಲಿ ಒಬ್ಬ ನರ್ಸಮ್ಮ ಪರಿಚಯವಾದರು. ಅವರೂ ಕುಡಿತದಿಂದಲೇ ಲೈಸೆನ್ಸ್ ಕಳೆದುಕೊಳ್ಳುವ ಹಂತಕ್ಕೆ ಹೋಗಿ ವಾಪಸ್ ಬಂದವರು. ನರ್ಸಿಂಗ್ ಓದುವ ಆಸೆ ಇದೆ, ನನ್ನಂಥವನಿಗೆ ಆಗುತ್ತಾ ಅಂತ ಕೇಳಿದೆ. ಅವರು ಹೌದು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಕಾಲೇಜಿಗೆ ದುಡ್ಡು ಕಟ್ಟುವ ಮೊದಲು ಬೋರ್ಡನ್ನು ಕೇಳು ಅಂದರು. ನನಗೆ ಸಿಕ್ಕ ಸಲಹೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಟೆಕ್ಸಾಸ್‌ನಲ್ಲಿ ಇದಕ್ಕೆ ಡಿಕ್ಲರೇಟರಿ ಆರ್ಡರ್ ಅಂತ ಒಂದು ವ್ಯವಸ್ಥೆ ಇದೆ. ಓದು ಶುರು ಮಾಡುವ ಮುಂಚೆಯೇ ‘ನನ್ನ ಹಿನ್ನೆಲೆ ಹೀಗಿದೆ, ಮುಂದೆ ನನಗೆ ಲೈಸೆನ್ಸ್ ಸಿಗಬಹುದಾ’ ಅಂತ ಅರ್ಜಿ ಹಾಕಿ ತೀರ್ಮಾನ ಕೇಳಬಹುದು. ನಾನು ಕಟ್ಟಿದ ಶುಲ್ಕ 150 ಡಾಲರ್. ಎರಡು ವರ್ಷ ಓದಿ, ಸಾವಿರಾರು ಡಾಲರ್ ಸಾಲ ಮಾಡಿಕೊಂಡು, ಕೊನೆಗೆ ಪರೀಕ್ಷೆಗೆ ಕೂರಿಸುವುದಿಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ. ಹಾಗೆ ಅನ್ನಿಸಿಕೊಂಡ ಒಬ್ಬ ಹುಡುಗನನ್ನು ಆಮೇಲೆ ನೋಡಿದೆ. ಅಡ್ಮಿಷನ್ ದಿನ ಸಹಿ ಹಾಕಿದ ಹಾಳೆಯಲ್ಲೇ ಎಚ್ಚರಿಕೆ ಅಚ್ಚಾಗಿತ್ತು. ಅವನು ಓದಿರಲಿಲ್ಲ.

ಪ್ರೊಬೇಷನ್ ಪೂರ್ತಿ ಮುಗಿದ ಮೇಲೆಯೇ ಅರ್ಜಿ ಹಾಕಿದೆ. ಮೊದಲ ಹೆಜ್ಜೆ ಬೆರಳಚ್ಚು. ರಾಜ್ಯದ ಪೊಲೀಸ್ ಇಲಾಖೆಗೂ ಎಫ್‌ಬಿಐಗೂ ಹೋಗುತ್ತದೆ. 40 ಡಾಲರ್ ಆಸುಪಾಸು ಖರ್ಚು. ಇದರಲ್ಲಿ ಏನು ತೊಂದರೆ ಬರಬಹುದು ಅಂದುಕೊಂಡಿದ್ದೆ. ದೊಡ್ಡ ಗಂಡಾಂತರ ಬಂದಿದ್ದೇ ಇಲ್ಲಿಂದ.

ಅರೆಸ್ಟ್ ಮಾಡಿದ ರಾತ್ರಿ ಪೊಲೀಸರು ನನ್ನ ಮೇಲೆ ಹಾಕಿದ್ದು ಅಗ್ರವೇಟೆಡ್ ಅಸಾಲ್ಟ್, ಅಂದರೆ ತೀವ್ರ ಸ್ವರೂಪದ ಹಲ್ಲೆ. ಕಾರನ್ನೇ ಮಾರಕಾಯುಧ ಅಂತ ಬರೆದುಕೊಂಡಿದ್ದರು. ಆಮೇಲೆ ಕೋರ್ಟಿನಲ್ಲಿ ಅದು ಬಿದ್ದುಹೋಗಿ ಇಂಟಾಕ್ಸಿಕೇಷನ್ ಅಸಾಲ್ಟ್ ಉಳಿಯಿತು. ಆದರೆ ಬೆರಳಚ್ಚಿನ ವರದಿಯಲ್ಲಿ ಮೊದಲನೆಯ ಆರೋಪ ಹಾಗೇ ಕೂತಿತ್ತು. ಅದರ ಮುಂದೆ ತೀರ್ಪಿನ ಜಾಗ ಖಾಲಿ. ಕಣ್ಣಿಗೆ ಬಿದ್ದವರಿಗೆ ನನ್ನ ಮೇಲೆ ಎರಡು ಕೇಸು ಇದ್ದ ಹಾಗೆ ಕಾಣುತ್ತಿತ್ತು.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂದರೆ, ಟೆಕ್ಸಾಸ್ ಕಾನೂನಿನಲ್ಲಿ ಒಂದು ಪಟ್ಟಿ ಇದೆ. ಕೊಲೆ, ಅಪಹರಣ, ಲೈಂಗಿಕ ದೌರ್ಜನ್ಯ, ದರೋಡೆ, ಅಗ್ರವೇಟೆಡ್ ಅಸಾಲ್ಟ್, ಮಕ್ಕಳಿಗೆ ಅಥವಾ ವಯಸ್ಸಾದವರಿಗೆ ಗಾಯ ಮಾಡುವುದು, ಹೀಗೆ. ಇವುಗಳಲ್ಲಿ ಶಿಕ್ಷೆಯಾಗಿದ್ದರೆ ಬೋರ್ಡ್ ಲೈಸೆನ್ಸ್ ಕೊಡುವ ಹಾಗಿಲ್ಲ. ಪ್ರೊಬೇಷನ್ ಅಥವಾ ಪೆರೋಲ್ ಮುಗಿದು 5 ವರ್ಷ ಆಗುವ ತನಕ ಅರ್ಹತೆಯೇ ಇರುವುದಿಲ್ಲ. ನನಗೆ ಶಿಕ್ಷೆಯಾದ ಅಪರಾಧ ಆ ಪಟ್ಟಿಯಲ್ಲಿಲ್ಲ. ಕೈಬಿಟ್ಟ ಆರೋಪ ಇದೆ. ಹಾಗಾಗಿ ಅದು ಬಿದ್ದುಹೋಗಿದೆ ಅಂತ ಕಾಗದದ ಮೇಲೆ ತೋರಿಸಬೇಕಿತ್ತು.

ಕೋರ್ಟಿನ ರೆಕಾರ್ಡ್ ರೂಮಿಗೆ ಹೋದೆ. ಪುಟಕ್ಕೆ 1 ಡಾಲರ್, ಸರ್ಟಿಫೈ ಮಾಡುವುದಕ್ಕೆ ಬೇರೆ. ದುಡ್ಡು ದೊಡ್ಡದಲ್ಲ, ಹುಡುಕಾಟ ದೊಡ್ಡದು. ಕೈಬಿಟ್ಟ ಆರೋಪಕ್ಕೆ ಬೇರೆ ನಂಬರ್ ಕೊಟ್ಟಿದ್ದರು. ನಾನು ನನ್ನ ಕೇಸಿನ ನಂಬರ್ ಹೇಳಿದರೆ ಅದು ಸಿಗುತ್ತಿರಲಿಲ್ಲ. ನೀವು ಹೋಗುವಾಗ ಕೇಸ್ ನಂಬರ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಹೆಸರು, ಹುಟ್ಟಿದ ತಾರೀಕು, ಅರೆಸ್ಟ್ ಆದ ದಿನ ಕೊಟ್ಟು, ಆ ದಿನದ್ದು ಏನೇನಿದೆ ಎಲ್ಲಾ ತೆಗೆಸಿ. ಬೇಕಾಗುವುದು: ಆರೋಪ ಪಟ್ಟಿ, ತೀರ್ಪು, ಆರೋಪ ಕೈಬಿಟ್ಟ ಆದೇಶ, ಪ್ರೊಬೇಷನ್ ಮುಗಿಸಿದ ಬಿಡುಗಡೆ ಪತ್ರ. ಎಲ್ಲಾ ಸರ್ಟಿಫೈಡ್ ಪ್ರತಿಗಳೇ ಆಗಬೇಕು, ಸುಮ್ನೆ ಜೆರಾಕ್ಸ್ ನಡೆಯುವುದಿಲ್ಲ. ಎರಡೆರಡು ಸೆಟ್ ಮಾಡಿಸಿಕೊಳ್ಳಿ. ಮುಂದೆ ಕಾಲೇಜು, ಆಸ್ಪತ್ರೆ, ಎಲ್ಲರೂ ಕೇಳುತ್ತಾರೆ.

ಆಮೇಲೆ ವಿವರಣೆ ಪತ್ರ. ಏನಾಯಿತು, ಯಾಕಾಯಿತು, ಆಮೇಲೆ ಏನು ಮಾಡಿದೆ ಅಂತ ನಮ್ಮ ಮಾತಲ್ಲೇ ಬರೆಯಬೇಕು. ಜಾಸ್ತಿ ಜನ ಎಡವುವುದು ಇಲ್ಲಿಯೇ ಅಂತ ನನ್ನ ವಕೀಲರು ಹೇಳಿದ್ದರು. ಬರೆಯಲು ಕೂತಾಗ ಪೊಲೀಸ್ ವರದಿಯನ್ನು ಮೊದಲ ಸಲ ಪೂರ್ತಿ ಓದಿದೆ. ಕೋರ್ಟಿನಲ್ಲಿ ವಕೀಲರು ಓದಿದ್ದರು, ನಾನು ಓದಿರಲಿಲ್ಲ. ಅದರಲ್ಲಿ ಆ ಹೆಂಗಸು ಸ್ಟ್ರೆಚರ್ ಮೇಲಿಂದ ಕೇಳಿದ ಮಾತಿದೆ. ಮಗಳನ್ನು ಸ್ಕೂಲಿನಿಂದ ಕರೆತರಲು ನಾಳೆ ಯಾರು ಹೋಗುತ್ತಾರೆ ಅಂತ ಕೇಳಿದ್ದಾರೆ. ಪೊಲೀಸಿನವರು ಅದನ್ನೂ ಬರೆದುಕೊಂಡಿದ್ದಾರೆ. ಆ ಹಾಳೆ ಮುಚ್ಚಿಟ್ಟು ಅವತ್ತು ಏನೂ ಬರೆಯಲಾಗಲಿಲ್ಲ.

ಅವರನ್ನು ಸಂಪರ್ಕಿಸಬಾರದು ಅನ್ನುವುದು ಪ್ರೊಬೇಷನ್‌ನ ಷರತ್ತಾಗಿತ್ತು. ಕ್ಷಮೆ ಕೇಳಿ ಒಂದು ಚೀಟಿ ಕಳಿಸುವಂತೆಯೂ ಇರಲಿಲ್ಲ. ಪರಿಹಾರದ ದುಡ್ಡು ತಿಂಗಳು ತಿಂಗಳು ಕಟ್ಟಿದೆ, ಅಷ್ಟೇ. ನನ್ನ ಅರ್ಜಿಯ ವಿಷಯದಲ್ಲಿ ಅವರನ್ನು ಯಾರೂ ಏನೂ ಕೇಳಲಿಲ್ಲ. ಇದು ಸರಿಯಾ ಅಂತ ಇವತ್ತಿಗೂ ಯೋಚಿಸುತ್ತೇನೆ. ಕೇಳಿದ್ದರೆ ಬೇಡ ಅಂದಿರುತ್ತಿದ್ದರೇನೋ. ಹಾಗೆ ಹೇಳುವ ಹಕ್ಕು ಅವರಿಗೆ ಖಂಡಿತ ಇತ್ತು.

ಪತ್ರದ ಬಗ್ಗೆ ಮೂರು ಮಾತು. ‘ಅಪಘಾತ ಆಯಿತು’ ಅಂತ ಬರೆಯಬೇಡಿ, ನಾನು ಗುದ್ದಿದೆ ಅಂತ ಬರೆಯಿರಿ. ಎಷ್ಟು ಕುಡಿದಿದ್ದಿರಿ ಅನ್ನುವುದು ಪೊಲೀಸ್ ವರದಿಗೂ ಪತ್ರಕ್ಕೂ ತಾಳೆ ಆಗಬೇಕು. ಹೆಂಡತಿ ಮಕ್ಕಳ ಕಷ್ಟ ಒಂದು ಸಾಲಿಗಿಂತ ಜಾಸ್ತಿ ಬೇಡ. ಬೋರ್ಡಿಗೆ ಬೇಕಾಗಿರುವುದು ನಮ್ಮ ಕಷ್ಟವಲ್ಲ, ರೋಗಿಯ ಪಕ್ಕ ನಮ್ಮನ್ನು ಬಿಡಬಹುದಾ ಅನ್ನುವುದು.

ಶಿಫಾರಸು ಪತ್ರ ಕೊಡುವವರಿಗೂ ಕೇಸಿನ ವಿಷಯ ಪೂರ್ತಿ ಗೊತ್ತಿರಬೇಕು, ಗೊತ್ತಿದೆ ಅಂತ ಅವರು ಪತ್ರದಲ್ಲಿ ಬರೆಯಬೇಕು. ‘ಒಳ್ಳೆಯ ಹುಡುಗ’ ಅಂತ ಬರೆದುಕೊಟ್ಟರೆ ಪ್ರಯೋಜನವಿಲ್ಲ. ಇದಕ್ಕಾಗಿ ಗೋದಾಮಿನ ಮೇಲ್ವಿಚಾರಕರ ಮುಂದೆ ನಿಂತು ಎಲ್ಲಾ ಹೇಳಬೇಕಾಯಿತು. ನಮ್ಮ ಪಕ್ಕದ ಬೀದಿಯ ಕನ್ನಡದವರೊಬ್ಬರಿಗೂ ಹೇಳಿದೆ. ಅವರು ಪತ್ರ ಕೊಡಲಿಲ್ಲ. ಆ ಮೇಲೆ ಮಾತೂ ಕಡಿಮೆಯಾಯಿತು. ಪ್ರೊಬೇಷನ್ ಆಫೀಸರ್ ಮಾತ್ರ ಕೇಳಿದ ಕೂಡಲೇ ಬರೆದುಕೊಟ್ಟರು. ಆ ಪತ್ರಕ್ಕೆ ತೂಕ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು.

ಅಪ್ಪನಿಗೆ ಆ ಹೊತ್ತಿಗೆ ಎಲ್ಲಾ ಹೇಳಿಯಾಗಿತ್ತು. ಒಂದು ದಿನ ಅವರೇ ಫೋನ್ ಮಾಡಿದರು. “ಅಲ್ಲಪ್ಪಾ, ಅಫಜಲಪುರದಾಗೆ ಒಬ್ರು ಕೊಲೆ ಕೇಸಲ್ಲಿ ಹದಿನಾಕು ವರ್ಷ ಜೈಲಲ್ಲಿದ್ದು ಬಂದು ಡಾಕ್ಟರ್ ಆಗಿದಾರಂತೆ, ಪೇಪರ್‌ನಾಗೆ ಬಂದಿತ್ತು. ನೀನ್ಯಾಕೆ ಧೈರ್ಯ ಕೆಡ್ತೀಯ?” ನಿಜ, ಆ ಸುದ್ದಿ ಬಹಳ ಕಡೆ ಬಂದಿತ್ತು. ಕಲಬುರಗಿ ಜಿಲ್ಲೆಯವರು. 2002ರಲ್ಲಿ ಎಂಬಿಬಿಎಸ್ ಓದುವಾಗ ಅರೆಸ್ಟ್ ಆಗಿ, ಜೀವಾವಧಿ ಶಿಕ್ಷೆಯಾಗಿ, ಸನ್ನಡತೆಯ ಮೇಲೆ 2016ರ ಸ್ವಾತಂತ್ರ್ಯ ದಿನದಂದು ಬಿಡುಗಡೆಯಾದವರು. 2019ರಲ್ಲಿ ಎಂಬಿಬಿಎಸ್ ಮುಗಿಸಿದರು. ಜೈಲಿನಲ್ಲಿದ್ದಾಗಲೂ ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರು. ಅವರ ಕಥೆಗೂ ನನ್ನದಕ್ಕೂ ಹೋಲಿಕೆ ಇಲ್ಲ, ಆ ಕಾನೂನೇ ಬೇರೆ. ಆದರೂ ಅಪ್ಪ ಆ ಪೇಪರ್ ನೆನಪಿಟ್ಟುಕೊಂಡು ಫೋನ್ ಮಾಡಿದ್ದು ನನಗೆ ಬಹಳ ದಿನಕ್ಕೆ ಸಾಕಾಯಿತು.

ಅರ್ಜಿ ಹೋದ ಮೇಲೆ ಕಾಯುವುದು. ಫೆಲನಿ ಇದ್ದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮಧ್ಯೆ ಒಂದು ಕಾಗದ ಬರುತ್ತದೆ, ಇನ್ನೊಂದು ದಾಖಲೆ ಕೇಳುತ್ತದೆ, ಮತ್ತೆ ಮೌನ. ಮನೆ ಬದಲಾಯಿಸಿದರೆ ವಿಳಾಸ ತಕ್ಷಣ ತಿಳಿಸಿ.

ನನಗೆ ಮನಶ್ಶಾಸ್ತ್ರಜ್ಞರ ಹತ್ತಿರ ಮೌಲ್ಯಮಾಪನ ಮಾಡಿಸಿಕೊಂಡು ಬಾ ಅಂತ ಬಂತು. ಕುಡಿತದ ಚರಿತ್ರೆಯೂ ಸೇರಿದ ಪರೀಕ್ಷೆ. ಖರ್ಚು ನಮ್ಮದೇ, ಸಾವಿರ ಡಾಲರ್ ದಾಟಿತು. ಬೆಳಿಗ್ಗೆ ಹೋದವನು ಸಂಜೆ ಹೊರಗೆ ಬಂದೆ. ನೂರಾರು ಪ್ರಶ್ನೆಗಳ ಲಿಖಿತ ಪರೀಕ್ಷೆ, ಆಮೇಲೆ ಮುಖಾಮುಖಿ ಮಾತು. ಅವರು ಒಂದೇ ವಿಷಯವನ್ನು ಬೇರೆ ಬೇರೆ ರೀತಿ ಕೇಳುತ್ತಾರೆ. ರಿಹರ್ಸಲ್ ಮಾಡಿಕೊಂಡು ಹೋಗಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎಷ್ಟು ಸಲ ಕೇಳಿದರೂ ಉತ್ತರ ಅದೇ ಇರುತ್ತದೆ.

ಆ ಪರೀಕ್ಷೆಗೆ ದುಡ್ಡು ಹೊಂದಿಸುವಾಗ ನನ್ನ ಹೆಂಡತಿ ಅಳುತ್ತಾ ಕೇಳಿದಳು: “ಶಿಕ್ಷೆ ಮುಗಿದಿದೆ ಅಲ್ವಾ, ಇನ್ನೂ ಯಾಕೆ ಕೆದಕ್ತಾರೆ?” ಅವಳ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಾನು ಬೋರ್ಡಿನ ಪರವಾಗಿಯೇ ಮಾತಾಡಿದೆ. ಹಾಸಿಗೆ ಮೇಲೆ ಮಲಗಿರುವವರು ತಮ್ಮ ನರ್ಸನ್ನು ಆರಿಸಿಕೊಳ್ಳುವುದಿಲ್ಲ. ರಾತ್ರಿ 2 ಗಂಟೆಗೆ ಪರದೆ ಸರಿಸಿ ಒಳಗೆ ಬಂದವರಿಗೆ ಕೈ ಚಾಚಿ ಸೂಜಿ ಚುಚ್ಚಿಸಿಕೊಳ್ಳುತ್ತಾರೆ. ಅವರ ಪರವಾಗಿ ಯಾರಾದರೂ ಕೆದಕಿ ನೋಡಿರಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷೆಯಾದ ಮೇಲೂ ನರ್ಸ್‌ಗಳು ಲೈಸೆನ್ಸ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದುದನ್ನು 2008ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಮತ್ತು ಪ್ರೊಪಬ್ಲಿಕಾ ಪತ್ರಕರ್ತರು ಬಯಲಿಗೆಳೆದರು. 1990ಕ್ಕಿಂತ ಮುಂಚೆ ಲೈಸೆನ್ಸ್ ಪಡೆದವರ ಬೆರಳಚ್ಚನ್ನು ಅಲ್ಲಿ ತೆಗೆದುಕೊಂಡೇ ಇರಲಿಲ್ಲ. ಆ ಸುದ್ದಿ ಬಂದ ಮೇಲೆ ಹಳಬರಿಂದಲೂ ತೆಗೆದುಕೊಳ್ಳುವ ನಿಯಮ ಬಂತು. ರೋಗಿಗೆ ಅಪಾಯ ಬರುವುದು ಯಾರೂ ನೋಡದೆ ಬಿಟ್ಟ ಕಡೆಯಿಂದ.

ಹಾಗಂತ ಫೆಲನಿ ಇದ್ದವರೆಲ್ಲ ಜೀವಮಾನವಿಡೀ ಹೊರಗಿರಲಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ತನ್ನ ಆರೈಕೆಯಲ್ಲಿದ್ದ ಮುದುಕಿಗೆ ಹೊಡೆದವನನ್ನು ಮತ್ತೆ ಹಾಸಿಗೆ ಪಕ್ಕ ನಿಲ್ಲಿಸಬಾರದು, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಏನು ಮಾಡಿದ, ಎಷ್ಟು ವರ್ಷದ ಹಿಂದೆ, ಆಮೇಲೆ ಹೇಗಿದ್ದಾನೆ ಅನ್ನುವುದನ್ನು ಒಬ್ಬೊಬ್ಬರದ್ದೂ ಬಿಡಿಸಿ ನೋಡಬೇಕು. ನೋಡಿ, ಬೇಡ ಅನ್ನಿಸಿದರೆ ಬೇಡ ಅನ್ನಲಿ. ನೋಡದೆ ಬೇಡ ಅನ್ನಬಾರದು.

ಕೊನೆಗೆ ಆರ್ಡರ್ ಬಂತು. ಷರತ್ತಿನ ಮೇಲೆ ಅರ್ಹ. ಲೈಸೆನ್ಸ್ ಸಿಕ್ಕ ಮೇಲೆ ಮೇಲ್ವಿಚಾರಣೆಯಲ್ಲೇ ಕೆಲಸ, ಮೂರು ತಿಂಗಳಿಗೊಮ್ಮೆ ಮ್ಯಾನೇಜರ್ ವರದಿ, ಯಾವಾಗ ಬೇಕಾದರೂ ಮೂತ್ರ ಪರೀಕ್ಷೆ, ಮೊದಲ ವರ್ಷ ನಾರ್ಕೋಟಿಕ್ ಔಷಧಿ ಕೊಡುವಂತಿಲ್ಲ. ಏಜೆನ್ಸಿ ಮೂಲಕ, ಮನೆಮನೆಗೆ ಹೋಗಿ ಮಾಡುವ ಕೆಲಸ ಇಲ್ಲ. ಈ ಷರತ್ತುಗಳು ಗುಟ್ಟಲ್ಲ, ಬೋರ್ಡಿನ ವೆಬ್‌ಸೈಟಿನಲ್ಲಿ ನನ್ನ ಹೆಸರು ಹುಡುಕಿದರೆ ಸಿಗುತ್ತವೆ. ಸಿಗಲಿ. ಅದು ರೋಗಿಯ ಹಕ್ಕು.

ಇಷ್ಟೆಲ್ಲಾ ಆದ ಮೇಲೆ ಕಾಲೇಜು ಸುಲಭ ಅಂದುಕೊಂಡೆ. ಬೋರ್ಡ್ ಒಪ್ಪಿದರೂ ಕ್ಲಿನಿಕಲ್ ತರಬೇತಿಗೆ ಹೋಗುವ ಆಸ್ಪತ್ರೆ ಒಪ್ಪಬೇಕೆಂದಿಲ್ಲ. ವಿದ್ಯಾರ್ಥಿಗಳ ಹಿನ್ನೆಲೆಯನ್ನು ಅವರೇ ಬೇರೆ ಪರೀಕ್ಷೆ ಮಾಡಿಸುತ್ತಾರೆ. ಒಂದು ದೊಡ್ಡ ಆಸ್ಪತ್ರೆ ನನ್ನನ್ನು ಒಳಗೆ ಬಿಡಲಿಲ್ಲ. ಕ್ಲಿನಿಕಲ್ ತರಬೇತಿ ಇಲ್ಲದೆ ಕೋರ್ಸ್ ಮುಗಿಯುವುದಿಲ್ಲ. ವಿಭಾಗದ ಮುಖ್ಯಸ್ಥೆ ಇನ್ನೊಂದು ಆಸ್ಪತ್ರೆ ಜೊತೆ ಮಾತಾಡಿ, ನನ್ನ ಆರ್ಡರ್ ಕಳಿಸಿ, ಜಾಗ ಮಾಡಿಕೊಟ್ಟರು. ಸೆಮಿಸ್ಟರ್ ಒಂದು ಹಿಂದೆ ಬಿತ್ತು. ಕಾಲೇಜು ಸೇರುವ ಮೊದಲೇ ಈ ಪ್ರಶ್ನೆ ಕೇಳಿ: ನಿಮ್ಮ ಕ್ಲಿನಿಕಲ್ ಆಸ್ಪತ್ರೆಗಳು ಯಾವುವು, ನನ್ನ ಕೇಸಿಗೆ ಅವು ಏನು ಹೇಳುತ್ತವೆ? ಉತ್ತರ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಮೂಳೆ ವಾರ್ಡಿನಲ್ಲಿ ನನಗೆ ಸಿಕ್ಕ ಮೊದಲ ರೋಗಿಗೆ ಸೊಂಟದ ಮೂಳೆ ಮುರಿದಿತ್ತು. ಅವರನ್ನು ಮಗ್ಗುಲಿಗೆ ಹೊರಳಿಸಲು ಮೂವರು ಬೇಕು. ಬೆನ್ನು, ಸೊಂಟ, ಕಾಲು ಒಂದೇ ಗೆರೆಯಲ್ಲಿ ಇರುವ ಹಾಗೆ, ಒಬ್ಬರು ಎಣಿಸಿ, ಎಲ್ಲರೂ ಒಟ್ಟಿಗೆ ತಿರುಗಿಸಬೇಕು. ಮೊಣಕಾಲಿನ ನಡುವೆ ದಿಂಬು. ಹೊರಳಿಸುವಾಗ ಅವರು ಹಾಸಿಗೆಯ ಕಂಬಿ ಹಿಡಿದುಕೊಂಡರು, ಬೆರಳ ಗೆಣ್ಣುಗಳು ಬೆಳ್ಳಗಾದವು. ಕೆಳಗಿನ ಬೆಡ್‌ಶೀಟ್ ಬದಲಾಯಿಸುವಷ್ಟು ಹೊತ್ತು ಹಾಗೇ ಹಿಡಿದಿದ್ದರು. ನನ್ನ ಕೇಸಿನ ತೀರ್ಪಿನಲ್ಲಿ ‘ಗಂಭೀರ ದೈಹಿಕ ಗಾಯ’ ಅಂತ ಬರೆದಿದ್ದರು. ಅದು ಏನು ಅಂತ ನನಗೆ ತಿಳಿದಿದ್ದು ಆ ಬೆಳಿಗ್ಗೆ.

ಓದು ಮುಗಿದ ಮೇಲೆ ಎನ್‌ಕ್ಲೆಕ್ಸ್, ಅಂದರೆ ನರ್ಸ್ ಲೈಸೆನ್ಸಿಗೆ ಪಾಸಾಗಬೇಕಾದ ಪರೀಕ್ಷೆ. ಅದಕ್ಕೆ 200 ಡಾಲರ್, ಬೋರ್ಡಿನ ಅರ್ಜಿ ಶುಲ್ಕ ಬೇರೆ, ಟೆಕ್ಸಾಸ್ ನರ್ಸಿಂಗ್ ಕಾನೂನಿನ ಇನ್ನೊಂದು ಸಣ್ಣ ಪರೀಕ್ಷೆಯೂ ಇದೆ. ಆರ್ಡರ್ ಬಂದ ದಿನದಿಂದ ಹೊಸದಾಗಿ ಏನಾದರೂ ಕೇಸ್ ಇದೆಯಾ ಅಂತ ಮತ್ತೆ ಕೇಳುತ್ತಾರೆ. ಇರಲಿಲ್ಲ. ಪರೀಕ್ಷೆ ಪಾಸಾಯಿತು.

ಲೈಸೆನ್ಸ್ ಬಂದಾಗ ಅದರ ಮೇಲೆ ‘ಒಂದೇ ರಾಜ್ಯ’ ಅಂತ ಇತ್ತು. ಟೆಕ್ಸಾಸ್ ಸೇರಿದಂತೆ ಬಹಳಷ್ಟು ರಾಜ್ಯಗಳ ನಡುವೆ ಒಪ್ಪಂದವಿದೆ. ಸಾಮಾನ್ಯವಾಗಿ ಇಲ್ಲಿನ ಲೈಸೆನ್ಸ್ ಇದ್ದರೆ ಆ ರಾಜ್ಯಗಳಲ್ಲೆಲ್ಲ ಕೆಲಸ ಮಾಡಬಹುದು. ಆದರೆ ಫೆಲನಿ ಇದ್ದವರಿಗೆ ಆ ಬಹುರಾಜ್ಯ ಲೈಸೆನ್ಸ್ ಇಲ್ಲ. 2018ರಲ್ಲಿ ಜಾರಿಗೆ ಬಂದ ಹೊಸ ಒಪ್ಪಂದದಲ್ಲೇ ಹಾಗಿದೆ. ಎಷ್ಟೇ ವರ್ಷದ ಹಿಂದಿನದಾಗಿರಲಿ, ಯಾವ ಫೆಲನಿಯೇ ಆಗಿರಲಿ. ಇದನ್ನು ಯಾರೂ ಹೇಳಿರಲಿಲ್ಲ. ಹೆಂಡತಿಯ ಕಂಪನಿ ಅವಳನ್ನು ಅರಿಜೋನಾಗೆ ಕಳಿಸುವ ಮಾತು ನಡೆದಿತ್ತು. ಹೋದರೆ ನಾನು ಅಲ್ಲಿನ ಬೋರ್ಡಿಗೆ ಮೊದಲಿನಿಂದ ಅರ್ಜಿ ಹಾಕಬೇಕು. ಅವಳು ಆ ಅವಕಾಶ ಬಿಟ್ಟಳು. ಈ ನಿಯಮ ನನಗೆ ಒಪ್ಪಿಗೆಯಿಲ್ಲ. ಟೆಕ್ಸಾಸ್ ಬೋರ್ಡ್ ನನ್ನನ್ನು ಬಿಡಿಸಿ ನೋಡಿ ತೀರ್ಮಾನ ಮಾಡಿತು. ಆ ಒಪ್ಪಂದ ಫೆಲನಿ ಅನ್ನುವುದೊಂದನ್ನು ನೋಡಿ ನಿಲ್ಲಿಸುತ್ತದೆ.

ಕೆಲಸ ಹುಡುಕುವಾಗ ಸಂದರ್ಶನದಲ್ಲಿ ಅವರು ಕೇಳುವ ಮೊದಲೇ ಆರ್ಡರ್ ಪ್ರತಿ ಮೇಜಿನ ಮೇಲೆ ಇಡುತ್ತಿದ್ದೆ. ಕೆಲವರು ಅಲ್ಲಿಗೇ ಮಾತು ಮುಗಿಸಿದರು. ಒಂದು ಕಡೆ ಆಫರ್ ಕೊಟ್ಟು ಎಚ್‌ಆರ್ ತಡೆಯಿತು. ಈಗ ಸೇರಿರುವ ಪುನರ್ವಸತಿ ಆಸ್ಪತ್ರೆಯ ಮ್ಯಾನೇಜರ್ ಆರ್ಡರ್ ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದರು, ವರದಿ ಯಾವ ತಿಂಗಳು ಕಳಿಸಬೇಕು ಅಂತ. ನರ್ಸಿಂಗ್ ಹೋಂಗಳಿಗೆ ಪ್ರಯತ್ನಿಸುವವರು ಗಮನಿಸಿ, ಅಲ್ಲಿ ಯಾವ ಯಾವ ಅಪರಾಧಕ್ಕೆ ಕೆಲಸ ಕೊಡುವಂತಿಲ್ಲ ಅಂತ ಟೆಕ್ಸಾಸ್‌ನಲ್ಲಿ ಬೇರೆಯೇ ಒಂದು ಕಾನೂನಿನ ಪಟ್ಟಿ ಇದೆ. ಲೈಸೆನ್ಸ್ ಇದ್ದರೂ ಆ ಪಟ್ಟಿ ಅನ್ವಯಿಸುತ್ತದೆ.

ಇನ್ನು ಮೂತ್ರ ಪರೀಕ್ಷೆ. ದಿನಾ ಬೆಳಿಗ್ಗೆ ಆ್ಯಪ್‌ನಲ್ಲಿ ಚೆಕ್ ಇನ್ ಮಾಡಬೇಕು, ನನ್ನ ಸರದಿ ಬಂದಿದ್ದರೆ ಅವತ್ತೇ ಹೋಗಿ ಕೊಡಬೇಕು. ಪರೀಕ್ಷೆ ಬಹಳ ಸೂಕ್ಷ್ಮ. ಮೌತ್‌ವಾಶ್, ಕೆಮ್ಮಿನ ಔಷಧಿ ಎರಡರಲ್ಲೂ ಆಲ್ಕೋಹಾಲ್ ಇರಬಹುದು, ಲೇಬಲ್ ಓದಿ. ನಮ್ಮವರಿಗೆ ಮುಖ್ಯವಾಗಿ ಹೇಳಬೇಕಾದ್ದು ಊರಿನ ಔಷಧಿಗಳ ವಿಷಯ. ಅರಿಷ್ಟ, ಆಸವಗಳಲ್ಲಿ ಹುದುಗಿದ ಆಲ್ಕೋಹಾಲ್ ಇರುತ್ತದೆ. ಹೋಮಿಯೋಪಥಿ ಹನಿಗಳೂ ಹಾಗೆಯೇ. ಅಮ್ಮ ಊರಿಂದ ಬರುವವರ ಕೈಲಿ ದ್ರಾಕ್ಷಾರಿಷ್ಟದ ಎರಡು ಬಾಟಲಿ ಕಳಿಸಿದ್ದರು, ಮಗ ರಾತ್ರಿ ಪಾಳಿ ಮಾಡಿ ಸೊರಗಿದ್ದಾನೆ ಅಂತ. ತೆರೆಯದೆ ಹಾಗೇ ಸ್ನೇಹಿತರಿಗೆ ಕೊಟ್ಟೆ. ಅಮ್ಮನಿಗೆ ಕಾರಣವನ್ನೂ ಹೇಳಿದೆ. “ಹಂಗಾದ್ರೆ ಅಂಟಿನುಂಡೆ ಕಳಿಸ್ತೀನಿ ಬಿಡು, ಅದಕ್ಕೇನೂ ಅಡ್ಡಿ ಇಲ್ವಲ್ಲ” ಅಂದರು. ಅದಕ್ಕೆ ಅಡ್ಡಿ ಇಲ್ಲ.